ಸೀಟಿಗೆ ಕೊಡುವ ದುಡ್ಡು, ಮೊದಲು ಬರುವ ಸಂಬಳ

ಸಿಇಟಿ ರ‍್ಯಾಂಕ್ ಬರುವ ಹೊತ್ತಿಗೆ ಹಾಸನ ಜಿಲ್ಲೆಯ ಹುಲಿಕೆರೆ, ಹಳೇಬೀಡು, ಜಾವಗಲ್ ಕಡೆಯ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆ ಈಚೆಗೆ ಬದಲಾಗಿದೆ. ಹಿಂದೆ ‘ಕಂಪ್ಯೂಟರ್ ಸೈನ್ಸ್ ಸಿಗುತ್ತಾ ಸಾರ್?’ ಎನ್ನುತ್ತಿದ್ದರು. ಈಗ ‘ಕಂಪ್ಯೂಟರ್ ಸೈನ್ಸ್ ಓದಿಸಿದ್ರೆ ಕೆಲಸ ಸಿಗುತ್ತಾ ಸಾರ್?’ ಎನ್ನುತ್ತಾರೆ. ಟಿವಿಯಲ್ಲಿ ಲೇಆಫ್ ಸುದ್ದಿ, ಊರಿಗೆ ಬಂದು ತಿಂಗಳುಗಳಾದರೂ ವಾಪಸ್ ಹೋಗದ ಪಕ್ಕದ ಮನೆ ಹುಡುಗ, ಮೊಬೈಲಿನಲ್ಲಿ ‘ಎಐ ಬಂತು, ಇಂಜಿನಿಯರ್‌ಗಳ ಕಥೆ ಮುಗೀತು’ ಎನ್ನುವ ವಿಡಿಯೊ. ದಿಗಿಲಾಗುವುದು ಸಹಜ. ತಮಾಷೆಯೆಂದರೆ, ಇಷ್ಟೆಲ್ಲ ನೋಡಿಯೂ ಅದೇ ಸೀಟಿಗಾಗಿ ತೋಟ ಅಡ ಇಡಲು ಹೊರಟವರೂ ಇದ್ದಾರೆ. ಹೆದರಿದವರಿಗೂ ಹಟ ಹಿಡಿದವರಿಗೂ ನಾನು ಹೇಳುವುದು ಒಂದೇ: ಮೊದಲು ಲೆಕ್ಕ ಹಾಕೋಣ, ಆಮೇಲೆ ತೀರ್ಮಾನ.

ಆದದ್ದೇನು ಎಂಬುದನ್ನು ಮೊದಲು ನೋಡಿ. ಕೋವಿಡ್ ಕಾಲದಲ್ಲಿ ಜಗತ್ತಿನ ವ್ಯಾಪಾರವೆಲ್ಲ ಏಕಾಏಕಿ ಆನ್‌ಲೈನ್‌ಗೆ ಬಂತು, ಸಾಫ್ಟ್‌ವೇರ್ ಕೆಲಸ ಉಕ್ಕಿತು. 2021-22ರ ಒಂದೇ ಹಣಕಾಸು ವರ್ಷದಲ್ಲಿ ಟಿಸಿಎಸ್ ಸುಮಾರು ಒಂದು ಲಕ್ಷ ಹೊಸ ಪದವೀಧರರನ್ನು ತೆಗೆದುಕೊಂಡಿತು, ಇನ್ಫೊಸಿಸ್ ಸುಮಾರು 85 ಸಾವಿರ ಮಂದಿಯನ್ನು. ಆಫರ್ ಲೆಟರ್ ಇಲ್ಲದ ಹುಡುಗನನ್ನು ಹುಡುಕಬೇಕಿತ್ತು, ಹಾಗಿತ್ತು ಆ ವರ್ಷ. ಎರಡೇ ವರ್ಷ ಕಳೆಯಿತು. 2023-24ರಲ್ಲಿ ಇನ್ಫೊಸಿಸ್ ನೌಕರರ ಸಂಖ್ಯೆ 25,994 ಇಳಿಯಿತು, ವಿಪ್ರೊದಲ್ಲಿ 24,516, ಟಿಸಿಎಸ್‌ನಲ್ಲಿ 13,249. ಟಿಸಿಎಸ್ 2004ರಲ್ಲಿ ಷೇರುಪೇಟೆಗೆ ಬಂದ ಮೇಲೆ ವರ್ಷದ ಕೊನೆಗೆ ತಲೆಎಣಿಕೆ ಇಳಿದದ್ದು ಅದೇ ಮೊದಲು. 2025ರ ಜುಲೈನಲ್ಲಿ ಅದೇ ಕಂಪನಿ ಸುಮಾರು 12 ಸಾವಿರ ಜನರನ್ನು, ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ಹಂತದವರನ್ನು, ಕಳಿಸುವುದಾಗಿ ಹೇಳಿತು.

ಅದಕ್ಕೂ ಮೊದಲು, 2025ರ ಫೆಬ್ರುವರಿಯಲ್ಲಿ, ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್‌ನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ಅಭ್ಯರ್ಥಿಗಳನ್ನು ಕೈಬಿಡಲಾಯಿತು. ಆಂತರಿಕ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ಪಾಸಾಗಲಿಲ್ಲ ಎಂಬುದು ಕಂಪನಿಯ ಮಾತು. ಅವರಲ್ಲಿ ಹಲವರು 2022ರಲ್ಲಿ ಪದವಿ ಮುಗಿಸಿ, ಸೇರುವ ದಿನಾಂಕಕ್ಕಾಗಿ ಎರಡು ವರ್ಷ ಕಾದವರು. ರಾಜ್ಯದ ಕಾರ್ಮಿಕ ಇಲಾಖೆ ವಿಚಾರಣೆಗೂ ಹೋಯಿತು. ಯಾರದು ಸರಿ ಯಾರದು ತಪ್ಪು ಎಂಬ ಚರ್ಚೆ ಇಲ್ಲಿ ಬೇಡ. ಪೋಷಕರಾದವರು ಅದರಿಂದ ಒಂದನ್ನು ಗಮನಿಸಬೇಕು. ಆಫರ್ ಲೆಟರ್ ಬಂದ ದಿನ ಊರಿಗೆಲ್ಲ ಸಿಹಿ ಹಂಚುತ್ತೇವಲ್ಲ, ಕೆಲಸ ಖಾಯಂ ಆಗುವುದು ಆ ದಿನ ಅಲ್ಲ. ನಿಜವಾದ ಜರಡಿ ತರಬೇತಿಯಲ್ಲಿದೆ.

ನಮ್ಮ ಜಿಲ್ಲೆಯವರಿಗೆ ಈ ಏರಿಳಿತ ಹೊಸದೇನಲ್ಲ. 2023ರ ಮಳೆಗಾಲದಲ್ಲಿ ಹಸಿ ಶುಂಠಿಯ 60 ಕೆ.ಜಿ. ಚೀಲ 10 ಸಾವಿರ ದಾಟಿದ್ದು ನೆನಪಿದೆಯಲ್ಲ? ಅದನ್ನು ಕಂಡು ಜನ ಗುತ್ತಿಗೆ ಜಮೀನು ಹಿಡಿದು ಶುಂಠಿ ಹಾಕಿದರು. ಆ ಶುಂಠಿಯೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ಕಿತ್ತ ಕೂಲಿಯೂ ಹುಟ್ಟಲಿಲ್ಲ. ಕಂಪ್ಯೂಟರ್ ಸೈನ್ಸ್ ಸೀಟಿನಲ್ಲಿ ಆಗಿರುವುದು ಅದೇ, ಅವಧಿ ಮಾತ್ರ ಉದ್ದ. ಶುಂಠಿ ವರ್ಷದೊಳಗೆ ಕೈಗೆ ಬರುತ್ತದೆ, ಇಂಜಿನಿಯರ್ ಬರಲು ನಾಲ್ಕು ವರ್ಷ ಬೇಕು. 2021ರ ಸಂಬಳ ನೋಡಿ ಸೇರಿದವರು 2025ರ ಮಾರುಕಟ್ಟೆಗೆ ಬಂದು ನಿಂತರು. ಇದರ ನಡುವೆ, ಒಂದು ಬ್ರಾಂಚ್‌ಗೆ ಇಷ್ಟೇ ಸೀಟು ಎಂದಿದ್ದ ಗರಿಷ್ಠ ಮಿತಿಯನ್ನು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಸಿವಿಲ್, ಮೆಕ್ಯಾನಿಕಲ್ ಸೀಟು ಕಡಿಮೆ ಮಾಡಿ ಕಂಪ್ಯೂಟರ್ ಸೈನ್ಸ್ ಹೆಚ್ಚಿಸಿಕೊಂಡ ಕಾಲೇಜುಗಳು ಎಷ್ಟೋ. ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದೆಲ್ಲ ಬೋರ್ಡ್ ಹಾಕಿರುವುದರಲ್ಲಿ ಬಹುಪಾಲು ಕಲಿಸುವುದು ಅದೇ ಮೇಷ್ಟ್ರು, ಅದೇ ಲ್ಯಾಬ್.

ಹಾಗಾದರೆ ಇದೂ 2001ರ, 2008ರ ಹಿಂಜರಿತದ ಹಾಗೆ ಬಂದು ಹೋಗುವ ಗಾಳಿಯೇ? ಅರ್ಧ ಹೌದು. ಆಗ ಅಮೆರಿಕದ ಗಿರಾಕಿಗಳ ಕೈಯಲ್ಲಿ ದುಡ್ಡಿರಲಿಲ್ಲ, ದುಡ್ಡು ಬಂದ ಮೇಲೆ ಅದೇ ಕೆಲಸ ವಾಪಸ್ ಬಂತು. ಈ ಸಲ ಕೆಲಸದ ಸ್ವರೂಪವೇ ಬದಲಾಗುತ್ತಿದೆ. ನಮ್ಮ ದೊಡ್ಡ ಸೇವಾ ಕಂಪನಿಗಳು ಬೆಳೆದದ್ದು ಪಿರಮಿಡ್ ಲೆಕ್ಕದ ಮೇಲೆ. ಕೆಳಗೆ ಕಡಿಮೆ ಸಂಬಳದ ನೂರಾರು ಹೊಸಬರು, ಅವರ ಮೇಲೆ ಕೆಲವು ಲೀಡ್‌ಗಳು, ತುದಿಯಲ್ಲಿ ಒಬ್ಬ ಮ್ಯಾನೇಜರ್. ಗಿರಾಕಿಗೆ ಬಿಲ್ ಹೋಗುತ್ತಿದ್ದದ್ದು ಇಷ್ಟು ತಲೆ, ಇಷ್ಟು ಗಂಟೆ ಎಂದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಂಥ ಉಪಕರಣಗಳು ಮೊದಲು ಕೈಹಾಕಿದ್ದೇ ಪಿರಮಿಡ್ಡಿನ ತಳಕ್ಕೆ. ಸಣ್ಣಪುಟ್ಟ ಕೋಡ್ ಬರೆಯುವುದು, ಟೆಸ್ಟ್ ಮಾಡುವುದು, ಹಳೆಯ ಕೋಡಿಗೆ ವಿವರಣೆ ಬರೆಯುವುದು ಹೊಸಬರು ಮಾಡುತ್ತ ಕಲಿಯುತ್ತಿದ್ದ ಕೆಲಸ. ಅದನ್ನೀಗ ಅನುಭವಸ್ಥನೊಬ್ಬ ಯಂತ್ರದಿಂದ ಬರೆಸಿ, ತಿದ್ದಿ, ಮುಗಿಸುತ್ತಾನೆ. ಗಿರಾಕಿಯೂ ‘ಎಐ ಇದೆಯಲ್ಲ, ರೇಟು ಇಳಿಸಿ’ ಎನ್ನುತ್ತಾನೆ. ಹೀಗಾಗಿ ಏಣಿಯ ಮೊದಲ ಮೆಟ್ಟಿಲು ಸವೆಯುತ್ತಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಅಮೆರಿಕದ ವೇತನ ದಾಖಲೆಗಳನ್ನು ಜಾಲಾಡಿ ಕಂಡದ್ದೂ ಇದನ್ನೇ: 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಉದ್ಯೋಗ 2022ರ ಕೊನೆಯಲ್ಲಿದ್ದ ಮಟ್ಟಕ್ಕಿಂತ ಸುಮಾರು ಶೇ 20ರಷ್ಟು ಕುಸಿದಿತ್ತು, ಹಿರಿಯರದು ಅಷ್ಟು ಅಲುಗಿರಲಿಲ್ಲ.

ಉಳಿಯುವ ಕೆಲಸ ಯಾವುದು ಎಂದು ಕೇಳಿದರೆ ನಮ್ಮ ಡೇರಿಯನ್ನೇ ತೋರಿಸುತ್ತೇನೆ. ಬೆಳಿಗ್ಗೆ ಹಾಲು ಹಾಕುತ್ತೀರಿ. ತೂಕ ಆಗುತ್ತದೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡುತ್ತಾರೆ, ಚೀಟಿ ಬರುತ್ತದೆ, ಬಟವಾಡೆ ಬ್ಯಾಂಕಿಗೆ ಹೋಗುತ್ತದೆ. ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟಿದ್ದರೆ ಲೀಟರಿಗೆ ಎಷ್ಟು ಎಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಎಐ ಈಗ ನಿಮಿಷದಲ್ಲಿ ಬರೆದುಕೊಡುತ್ತದೆ. ಆದರೆ ತೂಕ ಆಗಿ, ಚೀಟಿ ಬರುವ ಮುನ್ನ ಕರೆಂಟ್ ಹೋದರೆ? ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಂಡು ಸಂಜೆ ಮತ್ತೆ ಎಂಟ್ರಿ ಮಾಡಿದರೆ ಒಂದೇ ಹಾಲಿಗೆ ಎರಡು ಸಲ ದುಡ್ಡು ಹೋಗುತ್ತದೆಯೇ? ಅಪ್ಪನ ಹೆಸರಿನ ನಂಬರಿಗೆ ಮಗ ಹಾಲು ಹಾಕಿದರೆ, ಅಪ್ಪನ ಖಾತೆ ಆಧಾರ್‌ಗೆ ಜೋಡಣೆಯಾಗದಿದ್ದರೆ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಎಲ್ಲಿ ನಿಲ್ಲುತ್ತದೆ? ಈ ಪ್ರಶ್ನೆಗಳು ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆ ಹೊಳೆಯುತ್ತವೆ. ಅವನ್ನು ಮುಂಚೆಯೇ ಕೇಳಿ, ಯಂತ್ರ ಬರೆದ ಕೋಡ್ ಅವನ್ನೆಲ್ಲ ತಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ, ತಪ್ಪಾದರೆ ‘ನನ್ನ ಜವಾಬ್ದಾರಿ’ ಎನ್ನುವವರಿಗೆ ಸಂಬಳ ಇದೆ, ಏರುತ್ತಲೂ ಇದೆ. ಹಳ್ಳಿಯಿಂದ ಬಂದ ಮಕ್ಕಳಿಗೆ ಇದರಲ್ಲಿ ಹಿನ್ನಡೆ ಏನೂ ಇಲ್ಲ ಎಂಬುದು ನನ್ನ ಅನುಭವ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಈ ಎರಡು ಬಗೆಯವರನ್ನು ಎರಡು ಖಾನೆಯಲ್ಲಿಟ್ಟು ಲೆಕ್ಕ ಮಾಡುತ್ತದೆ. ಹೇಳಿದ್ದನ್ನು ಕೋಡ್ ಮಾಡುವ ಪ್ರೋಗ್ರಾಮರ್‌ಗಳದು ಒಂದು, ಏನು ಬೇಕೆಂದು ತಿಳಿದು ವಿನ್ಯಾಸ ಮಾಡಿ ಕಟ್ಟುವ ಡೆವಲಪರ್‌ಗಳದು ಇನ್ನೊಂದು. 2024ರ ಮೇ ಲೆಕ್ಕದಂತೆ ಮೊದಲಿನವರ ಮಧ್ಯಮ ವಾರ್ಷಿಕ ಸಂಬಳ 98,670 ಡಾಲರ್, ಎರಡನೆಯವರದು 1,33,080. ಮುಂದಿನ ಹತ್ತು ವರ್ಷದಲ್ಲಿ ಮೊದಲ ಖಾನೆ ಕುಗ್ಗುತ್ತದೆ, ಎರಡನೆಯದು ಉಳಿದ ಉದ್ಯೋಗಗಳ ಸರಾಸರಿಗಿಂತ ವೇಗವಾಗಿ ಹಿಗ್ಗುತ್ತದೆ ಎಂಬುದು ಅವರ ಅಂದಾಜು. ಅಮೆರಿಕಕ್ಕೇ ಹೋಗುವ ಆಸೆ ಇದ್ದವರಿಗೆ ಬೇರೆ ತೊಡಕು ಬಂದಿದೆ: 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಹೊಸ ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಆ ಆಸೆಯನ್ನು ಲೆಕ್ಕದಲ್ಲಿ ಸೇರಿಸದಿರುವುದು ಒಳ್ಳೆಯದು.

ಇನ್ನು ನಮ್ಮ ಸಂಬಳದ ಮಾತು. 2010ರ ಸುಮಾರಿನಲ್ಲಿ ದೊಡ್ಡ ಸೇವಾ ಕಂಪನಿಗಳು ಹೊಸ ಇಂಜಿನಿಯರ್‌ಗೆ ವರ್ಷಕ್ಕೆ 3 ಲಕ್ಷದ ಮೇಲೆ ಸ್ವಲ್ಪ ಕೊಡುತ್ತಿದ್ದವು. ಈಗಲೂ ಸಾಮಾನ್ಯ ಭರ್ತಿಗೆ ಕೊಡುವುದು 3.4ರಿಂದ 3.6 ಲಕ್ಷ. ಆಗ 10 ಗ್ರಾಂ ಬಂಗಾರ 20 ಸಾವಿರದ ಆಸುಪಾಸಿನಲ್ಲಿತ್ತು, 2025ರಲ್ಲಿ ಲಕ್ಷ ದಾಟಿತು. ಇದಕ್ಕಿಂತ ಬಿಡಿಸಿ ಹೇಳುವುದು ಬೇಕಿಲ್ಲ.

ಆ 3.6 ಲಕ್ಷವಾದರೂ ಕೈಗೆ ಬರುವ ದುಡ್ಡಲ್ಲ. ಅದು ಸಿಟಿಸಿ, ಅಂದರೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 30 ಸಾವಿರ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ 1,800 ಹೋಗುತ್ತದೆ, ಐದು ವರ್ಷ ಇದ್ದರಷ್ಟೇ ಸಿಗುವ ಗ್ರಾಚ್ಯುಯಿಟಿಯ ಪಾಲು ಏಳೆಂಟು ನೂರು, ವರ್ಷದ ಕೊನೆಗೆ ಕೊಟ್ಟರೆ ಕೊಟ್ಟರು ಎನ್ನುವ ವೇರಿಯಬಲ್ ಪೇ, ವಿಮೆ. ಆಮೇಲೆ ಹುಡುಗನ ಪಾಲಿನ ಪಿಎಫ್ ಇನ್ನೊಂದು 1,800, ಜೊತೆಗೆ ವೃತ್ತಿ ತೆರಿಗೆ. ಕೊನೆಗೆ ಖಾತೆಗೆ ಬೀಳುವುದು 23-25 ಸಾವಿರ. ಬೆಂಗಳೂರಿನಲ್ಲಿ ಹಂಚಿಕೊಂಡ ಕೋಣೆಯ ಪಿಜಿಗೇ 8-10 ಸಾವಿರ ಬೇಕು. ಊಟ-ತಿಂಡಿಯ ಮೇಲ್ಖರ್ಚು, ಬಸ್ಸು-ಮೆಟ್ರೊ, ಮೊಬೈಲು, ಹಬ್ಬಕ್ಕೆ ಅರಸೀಕೆರೆಗೆ ಬಂದುಹೋಗುವ ರೈಲು ಸೇರಿಸಿ. ಮೊದಲ ವರ್ಷ ಮನೆಗೆ ದುಡ್ಡು ಕಳಿಸಲಿಲ್ಲ ಎಂದು ಮಗನ ಮೇಲೆ ಸಿಟ್ಟಾಗುವ ಮೊದಲು ಈ ಲೆಕ್ಕ ಒಮ್ಮೆ ನೋಡಿ.

ಈಗ ಸಾಲ ಸೇರಿಸೋಣ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ. ಓದುವಾಗ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಏಳೂವರೆ ಲಕ್ಷ, ಶೇ 10 ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳ ಕಂತು ಸುಮಾರು 9,900 ರೂಪಾಯಿ. ಓದಿನ ಕಾಲದ ಬಡ್ಡಿ ಕಟ್ಟದೆ ಬಿಟ್ಟಿದ್ದರೆ ಕಂತು ಅದಕ್ಕಿಂತ ಹೆಚ್ಚು. 24 ಸಾವಿರ ಕೈಗೆ ಬರುವ ಹುಡುಗ ಪಿಜಿ ಕಟ್ಟಿ, ಕಂತು ಕಟ್ಟಿ, ಉಳಿದ ನಾಲ್ಕರಿಂದ ಆರು ಸಾವಿರದಲ್ಲಿ ತಿಂಗಳು ತಳ್ಳಬೇಕು. ಇದಕ್ಕೇ ನಾನು ಪೋಷಕರಿಗೆ ಒಂದು ಗೆರೆ ಎಳೆದುಕೊಡುತ್ತೇನೆ: ನಾಲ್ಕು ವರ್ಷದ ಓದಿಗೆ ಮಾಡುವ ಸಾಲ ಮೊದಲ ವರ್ಷದ ಸಂಬಳವನ್ನು ಮೀರಬಾರದು. ಆ ಸಂಬಳ ಮೂರೂವರೆ ಲಕ್ಷ ಎಂದೇ ಇಟ್ಟುಕೊಳ್ಳಿ, ಹತ್ತು ಲಕ್ಷ ಎಂದಲ್ಲ. ಈ ಗೆರೆಯೊಳಗೆ ಸಿಇಟಿ ಮೂಲಕ ಸಿಗುವ ಸರ್ಕಾರಿ ಕಾಲೇಜಿನ ಸೀಟು ಬರುತ್ತದೆ. ಕುಟುಂಬದ ವರಮಾನ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕವಿಲ್ಲದ ಹೆಚ್ಚುವರಿ ಕೋಟಾದ ಎಸ್‌ಎನ್‌ಕ್ಯೂ ಸೀಟು ಬರುತ್ತದೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟೂ, ಕೈಯಲ್ಲಿ ಒಂದಿಷ್ಟು ಉಳಿತಾಯ ಇದ್ದರೆ, ಬರುತ್ತದೆ. ಮ್ಯಾನೇಜ್‌ಮೆಂಟ್ ಸೀಟು ಬರುವುದಿಲ್ಲ. ಒಂದು ಎಕರೆ ತೆಂಗಿನ ತೋಟ ಮಾರಿ ಕಂಪ್ಯೂಟರ್ ಸೈನ್ಸ್ ಕೊಡಿಸುವ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಬೇಡಿ. ಕೊಬ್ಬರಿ ರೇಟು ಎಷ್ಟೇ ಆಡಲಿ, ಆ ತೋಟಕ್ಕೆ ಲೇಆಫ್ ಇಲ್ಲ.

ಹಾಗೆಂದು ಎಲ್ಲರಿಗೂ ಮೂರೂವರೆ ಲಕ್ಷವೇ ಎಂದಲ್ಲ. ಒಂದೇ ಕಂಪನಿಯೊಳಗೆ ಈಗ ಎರಡು-ಮೂರು ಬಾಗಿಲುಗಳಿವೆ. ಟಿಸಿಎಸ್ ತನ್ನ ಪ್ರವೇಶ ಪರೀಕ್ಷೆಯ ಅಂಕ ನೋಡಿ ನಿಂಜಾ, ಡಿಜಿಟಲ್, ಪ್ರೈಮ್ ಎಂದು ವಿಂಗಡಿಸುತ್ತದೆ. ನಿಂಜಾಕ್ಕೆ ಮೂರೂವರೆ ಲಕ್ಷದ ಆಸುಪಾಸು, ಡಿಜಿಟಲ್‌ಗೆ 7, ಪ್ರೈಮ್‌ಗೆ 9ಕ್ಕೂ ಮೇಲೆ. ಇನ್ಫೊಸಿಸ್, ವಿಪ್ರೊಗಳಲ್ಲೂ ಇಂಥ ಪಂಗಡಗಳಿವೆ. ಒಂದೇ ಬೆಂಚಿನಲ್ಲಿ ಕೂತು ಓದಿದ ಇಬ್ಬರ ಸಂಬಳ ಒಂದಕ್ಕೆ ಮೂರರಷ್ಟು ಬೇರೆಯಾಗುವುದು ಇಲ್ಲಿಯೇ, ಅಲ್ಲಿ ಕಾಲೇಜಿನ ಹೆಸರಿಗಿಂತ ಹುಡುಗ ಸ್ವಂತ ಬರೆದು ತಪ್ಪು ಮಾಡಿ ತಿದ್ದಿದ ಕೋಡು ಕೆಲಸಕ್ಕೆ ಬರುತ್ತದೆ. ಇನ್ನೊಂದು ಕಡೆ ಜಿಸಿಸಿಗಳು, ಅಂದರೆ ವಿದೇಶದ ಬ್ಯಾಂಕು, ವಿಮಾನ, ಔಷಧ, ಚಿಲ್ಲರೆ ವ್ಯಾಪಾರದ ಕಂಪನಿಗಳು ಇಲ್ಲಿ ತಾವೇ ತೆರೆದ ಕಚೇರಿಗಳು. ದೇಶದಲ್ಲಿ 1,700ಕ್ಕೂ ಹೆಚ್ಚಿವೆ, ಅರ್ಧದಷ್ಟು ಬೆಂಗಳೂರಿನಲ್ಲೇ. ರಾಜ್ಯ ಸರ್ಕಾರದ 2024-29ರ ಜಿಸಿಸಿ ನೀತಿ ಇನ್ನೂ 500 ಕಚೇರಿ, ಮೂರೂವರೆ ಲಕ್ಷ ಉದ್ಯೋಗದ ಗುರಿ ಇಟ್ಟಿದೆ. ಇಲ್ಲಿ ಸಂಬಳ ಚೆನ್ನ. ಆದರೆ ಇವು ಹಾಸನ, ತಿಪಟೂರಿನ ಕ್ಯಾಂಪಸ್ಸಿಗೆ ಬಂದು ನೂರು ಜನರನ್ನು ಎತ್ತಿಕೊಂಡು ಹೋಗುವುದು ಅಪರೂಪ, ಇಂಟರ್ನ್‌ಶಿಪ್ ಮಾಡಿದವರನ್ನೋ ಎರಡು-ಮೂರು ವರ್ಷ ಅನುಭವ ಇದ್ದವರನ್ನೋ ಹುಡುಕುತ್ತವೆ. ಮೊದಲ ಕೆಲಸ ಸಣ್ಣದಾದರೂ ಬಿಡಬಾರದು ಎನ್ನುವುದು ಇದಕ್ಕೇ. ಒಟ್ಟು ಉದ್ಯಮ ಮುಳುಗಿಲ್ಲ. ಐಟಿ ಉದ್ಯಮಗಳ ಸಂಘಟನೆ ನ್ಯಾಸ್ಕಾಮ್ ಪ್ರಕಾರ 2024-25ರಲ್ಲಿ ಸುಮಾರು 58 ಲಕ್ಷ ಜನ ಇದರಲ್ಲಿ ದುಡಿಯುತ್ತಿದ್ದರು, ಹಿಂದಿನ ವರ್ಷಕ್ಕಿಂತ ಲಕ್ಷಕ್ಕೂ ಹೆಚ್ಚು. ಅದೇ ವರ್ಷ ಹೊಸದಾಗಿ ಪದವಿ ಮುಗಿಸಿ ಬಂದವರು ಆ ಹೆಚ್ಚಳಕ್ಕಿಂತ ಹಲವು ಪಟ್ಟು.

ಕಾಲೇಜು ನೋಡಲು ಹೋದಾಗ ಗೇಟಿನ ಬ್ಯಾನರ್ ಓದಬೇಡಿ. ‘ಅತಿ ಹೆಚ್ಚು ಪ್ಯಾಕೇಜ್’ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಒಬ್ಬ ವಿದ್ಯಾರ್ಥಿಯದು. ಪ್ಲೇಸ್‌ಮೆಂಟ್ ಅಧಿಕಾರಿಯ ಮುಂದೆ ಕೂತು ಸಮಾಧಾನವಾಗಿ ಕೇಳಿ: ಕಳೆದ ಬ್ಯಾಚಿನಲ್ಲಿ ಈ ಬ್ರಾಂಚಿನ ಎಷ್ಟು ಮಂದಿ ಓದು ಮುಗಿಸಿದರು, ಎಷ್ಟು ಮಂದಿಗೆ ಆಫರ್ ಬಂತು, ಎಷ್ಟು ಮಂದಿ ನಿಜವಾಗಿ ಸೇರಿದರು, ಸಾಲಿನಲ್ಲಿ ನಡುವೆ ನಿಂತವನ ಸಂಬಳ ಎಷ್ಟು? ಒಬ್ಬನಿಗೆ ಬಂದ ಮೂರು ಆಫರನ್ನು ಮೂವರೆಂದು ಎಣಿಸಿದ್ದೀರಾ ಎಂದೂ ಕೇಳಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ. ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು 1960ರದು, ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಅದೇ ಊರಿನಲ್ಲಿದೆ. ಚಿಕ್ಕಮಗಳೂರು, ತಿಪಟೂರಿನಲ್ಲೂ ಹಳೆಯ ಕಾಲೇಜುಗಳಿವೆ. ಮನೆಗೆ ಹತ್ತಿರದ, ಖರ್ಚು ಕಡಿಮೆಯ ಇಂಥ ಕಡೆ ಎಲೆಕ್ಟ್ರಾನಿಕ್ಸ್ ಅಥವಾ ಎಲೆಕ್ಟ್ರಿಕಲ್ ಸಿಕ್ಕರೆ, ಬೆಂಗಳೂರಿನ ಹೆಸರಿಲ್ಲದ ಕಾಲೇಜಿನ ದುಬಾರಿ ಕಂಪ್ಯೂಟರ್ ಸೈನ್ಸಿಗಿಂತ ನಾನು ಅದನ್ನೇ ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ಓದಿದವರು ಸಾಫ್ಟ್‌ವೇರಿಗೂ ಹೋಗಬಹುದು, ಚಿಪ್ ವಿನ್ಯಾಸಕ್ಕೂ, ವಾಹನದೊಳಗಿನ ಎಲೆಕ್ಟ್ರಾನಿಕ್ಸ್‌ಗೂ ಹೋಗಬಹುದು. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ದಾರಿಯನ್ನು ನಮ್ಮವರು ಯಾಕೋ ಕೀಳು ಎಂದುಕೊಂಡಿದ್ದಾರೆ. ಕೈಕೆಲಸ ಗೊತ್ತಿರುವ ಆ ಮಕ್ಕಳು ಲ್ಯಾಬಿನಲ್ಲಿ ಪಿಯುಸಿಯಿಂದ ಬಂದವರಿಗಿಂತ ಮುಂದಿರುವುದನ್ನು ನೋಡಿದ್ದೇನೆ.

ಕೆಲಸ ಸಿಗದ ಹುಡುಗರ ಸುತ್ತ ಒಂದು ದಂಧೆ ಬೆಳೆದಿದೆ, ಅದನ್ನು ಹೇಳಲೇಬೇಕು. ಬೆಂಗಳೂರಿನಿಂದ ಫೋನ್ ಬರುತ್ತದೆ: ‘ಬ್ಯಾಕ್‌ಡೋರ್ ಮೂಲಕ ಕೆಲಸ ಗ್ಯಾರಂಟಿ, ಎರಡು ಲಕ್ಷ ಕೊಡಿ.’ ಇಲ್ಲವೇ ‘ಮೂರು ವರ್ಷದ ಅನುಭವದ ಪತ್ರ ಮಾಡಿಕೊಡುತ್ತೇವೆ.’ ಯಾವ ಮರ್ಯಾದಸ್ಥ ಕಂಪನಿಯೂ ಕೆಲಸ ಕೊಡಲು ದುಡ್ಡು ಕೇಳುವುದಿಲ್ಲ. ಸುಳ್ಳು ಅನುಭವ ಪತ್ರ ಹೆಚ್ಚು ದಿನ ನಿಲ್ಲುವುದೂ ಇಲ್ಲ. ಪಿಎಫ್‌ನ ಯುಎಎನ್ ನಂಬರಿನಲ್ಲಿ ಯಾವ ಕಂಪನಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ದುಡ್ಡು ಕಟ್ಟಿದೆ ಎಂಬುದೆಲ್ಲ ಇರುತ್ತದೆ, ಹಿನ್ನೆಲೆ ಪರಿಶೀಲಿಸುವವರು ಮೊದಲು ನೋಡುವುದೇ ಅದನ್ನು. ಸಿಕ್ಕಿಬಿದ್ದರೆ ಆ ಕೆಲಸವೂ ಹೋಗುತ್ತದೆ, ಮುಂದಿನ ಕಡೆ ಹೆಸರೂ ಕೆಡುತ್ತದೆ.

ಮಗನೋ ಮಗಳೋ ಈಗಾಗಲೇ ಓದು ಮುಗಿಸಿ ಮನೆಯಲ್ಲಿ ಕೂತಿದ್ದರೆ, ಅವರ ಮುಂದೆ ಪಕ್ಕದ ಮನೆಯವರ ಪ್ಯಾಕೇಜಿನ ಮಾತು ಎತ್ತಬೇಡಿ. ಅದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ದೊಡ್ಡ ಕಂಪನಿಯೇ ಬೇಕೆಂದು ಕಾಯುವುದಕ್ಕಿಂತ ಹಾಸನದಲ್ಲೋ ಮೈಸೂರಿನಲ್ಲೋ ಸಣ್ಣ ಕಚೇರಿಯಲ್ಲಿ ಅಪ್ರೆಂಟಿಸ್ ಆಗಿ ಸೇರಲಿ. ಪದವಿ ಮುಗಿದು 180 ದಿನ ಕಳೆದರೂ ಕೆಲಸವಿಲ್ಲದಿದ್ದರೆ ರಾಜ್ಯ ಸರ್ಕಾರದ ಯುವನಿಧಿಯ ತಿಂಗಳ 3,000 ರೂಪಾಯಿಗೆ ಅರ್ಜಿ ಹಾಕುವುದರಲ್ಲಿ ನಾಚಿಕೆ ಏನಿದೆ? ಈ ಸೀಟಿನ ಹಟಕ್ಕೆ ಮದುವೆಯೂ ಒಂದು ಕಾರಣ. ಮದುವೆ ಮಾತುಕತೆಯಲ್ಲಿ ಸಾಫ್ಟ್‌ವೇರ್ ಗಂಡಿಗೆ ಇರುವ ಬೆಲೆ ನನಗೆ ಗೊತ್ತಿಲ್ಲದ್ದಲ್ಲ, ಜಮೀನು ನೋಡಿಕೊಳ್ಳುವ ಹುಡುಗನಿಗೆ ಹೆಣ್ಣು ಸಿಗದ ಸಂಕಟವೂ ಗೊತ್ತು. ಅರ್ಧ ಸೀಟುಗಳು ಮಾರಾಟವಾಗುತ್ತಿರುವುದು ಆ ಸಂಕಟದಿಂದಲೇ ಎಂದು ಕೆಲವೊಮ್ಮೆ ಅನಿಸುತ್ತದೆ. ಆದರೆ ಮದುವೆಗೆಂದು ಇಂಜಿನಿಯರಿಂಗ್ ಓದಿಸಿದರೆ, ಕೋಡ್ ಬರೆಯಬೇಕಾದವನು ಅವನೇ, ಬೀಗರಲ್ಲ.

ಕೊನೆಗೆ, ಸಿಇಟಿ ಕೌನ್ಸೆಲಿಂಗಿನಲ್ಲಿ ನಮ್ಮ ಕಡೆಯವರು ಹೆಚ್ಚು ಕಳೆದುಕೊಳ್ಳುವ ಜಾಗ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೆ ಬೇರೆ ಮೀಸಲಾತಿ ಇದೆ. ಅರ್ಜಿ ಹಾಕುವಾಗಲೇ ಅವನ್ನು ನಮೂದಿಸಬೇಕು, ಶಾಲೆಯಿಂದ ಪ್ರಮಾಣಪತ್ರ ಮುಂಚೆಯೇ ತಂದಿಟ್ಟುಕೊಳ್ಳಿ. ಆಪ್ಷನ್ ಎಂಟ್ರಿಯನ್ನು ಸೈಬರ್ ಸೆಂಟರಿನವರ ಕೈಗೆ ಬಿಟ್ಟು ಬರಬೇಡಿ. ಅವರು ಗೊತ್ತಿದ್ದ ನಾಲ್ಕು ಕಾಲೇಜು ತುಂಬಿಸಿ ಕಳಿಸಿಬಿಡುತ್ತಾರೆ. ಯಾವ ಕಾಲೇಜು, ಯಾವ ಬ್ರಾಂಚ್, ಶುಲ್ಕ ಎಷ್ಟು ಎಂದು ಮನೆಯಲ್ಲೇ ಹಾಳೆಯ ಮೇಲೆ ಬರೆದು, ಮೇಲೆ ಹೇಳಿದ ಗೆರೆ ಮೀರುವ ಸೀಟುಗಳನ್ನು ಹೊಡೆದುಹಾಕಿ. ಉಳಿದದ್ದನ್ನು ಮಗ ಅಥವಾ ಮಗಳು ಇಷ್ಟದ ಕ್ರಮದಲ್ಲಿ ಜೋಡಿಸಲಿ, ಪಟ್ಟಿ ಎಷ್ಟು ಉದ್ದವಾದರೂ ಪರವಾಗಿಲ್ಲ. ಸೀಟು ಬಂದ ಮೇಲೆ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು, ಚಾಯ್ಸ್ 2 ಎಂದರೆ ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೂ ಕಾಯುವುದು, 3 ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಎಂದರೆ ಹೊರಗೆ ಬರುವುದು. ಎರಡರ ಬದಲು ಮೂರು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಲಾಗಿನ್ ಪಾಸ್‌ವರ್ಡ್ ಮಕ್ಕಳ ಬಳಿಯೇ ಇರಲಿ, ಒಟಿಪಿ ಬರುವ ಮೊಬೈಲ್ ನಂಬರು ಸೆಂಟರಿನವರದಲ್ಲ, ಮನೆಯವರದಾಗಿರಲಿ.